ಕಲ್ಲಿನ ಕೋಟೆ, ಬಿಳಿಯ ಪರದೆ

ಹಿರಿಯ ಮಿತ್ರರೊಬ್ಬರು ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: “ಅಲ್ಲ ಮೇಷ್ಟ್ರೇ, ದುರ್ಗದ ಸೀಮೆಯಲ್ಲಿ ಹುಟ್ಟಿ ರಾಗಿಮುದ್ದೆ ಉಂಡು ಬೆಳೆದ ನಿಮಗೆ ಆ ಇಟಲಿ, ಫ್ರಾನ್ಸ್, ಸ್ವೀಡನ್ ದೇಶಗಳ ಸಿನಿಮಾಗಳ ಗೊಡವೆ ಏಕೆ?” ಪ್ರಶ್ನೆಯಲ್ಲಿ ಪರಿಹಾಸವಿದೆ, ಸ್ನೇಹವೂ ಇದೆ. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಸುಮ್ಮನಾಗಲಿಲ್ಲ. ಅದಕ್ಕೆ ತಡವಾಗಿಯಾದರೂ ಒಂದು ಉತ್ತರ ಕೊಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ: ನಾನು ಚಲನಚಿತ್ರ ಶಾಸ್ತ್ರವನ್ನು ಬಲ್ಲವನಲ್ಲ. ಕ್ಯಾಮರಾ ಹಿಡಿದವನಲ್ಲ, ಸ್ಟುಡಿಯೋ ಹೊಕ್ಕವನಲ್ಲ. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಚಿತ್ರದುರ್ಗದಲ್ಲಿ ಓದಿ, ಹಿರಿಯೂರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಚಿತ್ರಗಳನ್ನು ನೋಡುವುದು, ನೋಡಿದ್ದನ್ನು ಮೆಲುಕು ಹಾಕುವುದು, ಇವೆರಡೇ ನನ್ನ ಅರ್ಹತೆ. ನನ್ನ ಅಭಿಪ್ರಾಯಗಳನ್ನು ಓದುಗರು ಆ ಮಿತಿಯಲ್ಲಿಯೇ ಸ್ವೀಕರಿಸಬೇಕು.

ಒಂದೇ ಕೋಟೆ, ಎರಡು ಚಿತ್ರ

ಉತ್ತರವನ್ನು ಯೂರೋಪಿನಿಂದಲ್ಲ, ನಮ್ಮ ಕೋಟೆಯಿಂದಲೇ ಆರಂಭಿಸುವುದು ಲೇಸು. ನನ್ನ ಬಾಲ್ಯದಲ್ಲಿ ಸಿನಿಮಾ ಎಂದರೆ ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಏಳುತ್ತಿದ್ದ ಟೆಂಟು. ನೆಲದ ಮೇಲೆ ಕುಳಿತರೆ ಒಂದು ದರ, ಬೆಂಚಿನ ಮೇಲೆ ಕುಳಿತರೆ ಇನ್ನೊಂದು ದರ. ಪುಟ್ಟಣ್ಣ ಕಣಗಾಲರ “ನಾಗರಹಾವು” ತೆರೆಕಂಡದ್ದು 1972ರ ಕೊನೆಯಲ್ಲಿ. ಮರುವರ್ಷ ಅಪ್ಪ ನನ್ನನ್ನು ಬಸ್ಸಿನಲ್ಲಿ ದುರ್ಗಕ್ಕೆ ಕರೆತಂದು ಅದನ್ನು ತೋರಿಸಿದರು. ನನಗೆ ಆಗ ಹನ್ನೆರಡು ವರ್ಷ. ಬೆಳಗ್ಗೆ ಕಾಲು ನೋಯುವಂತೆ ಹತ್ತಿ ಇಳಿದಿದ್ದ ಬಂಡೆಗಳನ್ನೇ ಮಧ್ಯಾಹ್ನ ಪರದೆಯ ಮೇಲೆ ಕಂಡಾಗ ನನಗಾದ ರೋಮಾಂಚವನ್ನು ಇಂದಿಗೂ ಮರೆತಿಲ್ಲ. ತ. ರಾ. ಸುಬ್ಬರಾಯರ “ನಾಗರಹಾವು”, “ಒಂದು ಗಂಡು ಎರಡು ಹೆಣ್ಣು”, “ಸರ್ಪಮತ್ಸರ” ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದ ಆ ಚಿತ್ರದ ರಾಮಾಚಾರಿ, ಚಾಮಯ್ಯ ಮೇಷ್ಟ್ರು ನಮ್ಮ ಜಿಲ್ಲೆಯ ಮನೆಮನೆಗೂ ನೆಂಟರಾದರು.

ಅದೇ ಬಂಡೆಗಳ ನಡುವೆ ಕೆಲವೇ ವರ್ಷಗಳಲ್ಲಿ ಇನ್ನೊಂದು ಕ್ಯಾಮರಾ ಬಂದು ನಿಂತಿತು. ತ.ರಾ.ಸು. ಅವರದೇ “ಹಂಸಗೀತೆ”ಯನ್ನು ಜಿ. ವಿ. ಅಯ್ಯರ್ 1975ರಲ್ಲಿ ಚಿತ್ರವಾಗಿ ಮಾಡಿದರು. ಜನಪ್ರಿಯ ಚಿತ್ರಗಳಿಗೆ ಹಾಡು ಬರೆದು ಹೆಸರಾದವರು ಅಯ್ಯರ್. ಆ ದಾರಿಯನ್ನು ಬಿಟ್ಟು ಅವರು ಹಿಡಿದ ಹೊಸ ದಾರಿ ಇದು. ಛಾಯಾಗ್ರಹಣ ನಿಮಾಯ್ ಘೋಷರದು. 1950ರಲ್ಲಿ ಬಂಗಾಳಿಯಲ್ಲಿ “ಛಿನ್ನಮೂಲ” ಎಂಬ ಚಿತ್ರವನ್ನು ನಿರ್ದೇಶಿಸಿ, ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡವರ ಕಥೆಯನ್ನು ನಿಜವಾದ ನಿರಾಶ್ರಿತರ ನಡುವೆಯೇ ಚಿತ್ರಿಸಿದವರು ಇವರು. ರಷ್ಯದ ಪ್ರಸಿದ್ಧ ನಿರ್ದೇಶಕ ಪುದೋವ್ಕಿನ್ ಕಲ್ಕತ್ತೆಗೆ ಬಂದಾಗ ಆ ಚಿತ್ರವನ್ನು ನೋಡಿ ಮೆಚ್ಚಿದ್ದರು. ಹೀಗೆ, ಯೂರೋಪಿನ ವಾಸ್ತವವಾದಿ ಚಿತ್ರಗಳ ನೆಂಟಸ್ತಿಕೆ ನಾನು ಹುಡುಕಿಕೊಂಡು ಹೋಗುವುದಕ್ಕೆ ಮೊದಲೇ ನಮ್ಮ ಊರಿನ ಬಾಗಿಲಿಗೆ ಬಂದಿತ್ತು.

“ನಾಗರಹಾವು” ಚಿತ್ರದಲ್ಲಿ ಬಂಡೆ ಕಥೆಗೆ ರಂಗಸಜ್ಜಿಕೆ. “ಹಂಸಗೀತೆ”ಯಲ್ಲಿ ಬಂಡೆ ಸಂಗೀತವನ್ನು ಕೇಳುತ್ತ ಕುಳಿತ ಒಬ್ಬ ಶ್ರೋತೃವಿನ ಹಾಗೆ ನನಗೆ ತೋರುತ್ತದೆ. ಒಂದು ನಮ್ಮನ್ನು ಸೆಳೆದುಕೊಂಡು ಓಡುತ್ತದೆ. ಇನ್ನೊಂದು ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ. ಇವೆರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ಯೌವನದಲ್ಲಿ ತಟ್ಟನೆ ಉತ್ತರ ಹೇಳುತ್ತಿದ್ದೆ. ಈಗ ಹೇಳಲಾರೆ. ಒಂದೇ ಕೋಟೆಯನ್ನು ಎರಡು ರೀತಿಯಲ್ಲಿ ನೋಡಬಹುದು, ಎರಡೂ ನಮಗೆ ಬೇಕು ಎಂದಷ್ಟೇ ಹೇಳಬಲ್ಲೆ.

“ಹಂಸಗೀತೆ”ಯ ನಾಯಕ ಭೈರವಿ ವೆಂಕಟಸುಬ್ಬಯ್ಯ ಅಪ್ಪಣೆಗೆ ಹಾಡಲು ಒಪ್ಪದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ ಗಾಯಕ. ಸ್ವತಂತ್ರ ಸಿನಿಮಾ ಎಂದರೆ ಏನು ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಬಹುಕಾಲ ಅವನನ್ನೇ ಉದಾಹರಿಸುತ್ತಿದ್ದೆ: ಅರಸನ ಅಪ್ಪಣೆಗೂ ಹಾಡದ, ಸಂತೆಯ ಗದ್ದಲಕ್ಕೂ ಹಾಡದ ಕಲೆ. ಈ ಉದಾಹರಣೆಗೆ ಇನ್ನೊಂದು ಮುಖವೂ ಇದೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಅದನ್ನು ಮುಂದೆ ಹೇಳುತ್ತೇನೆ.

ಇಬ್ಬರು ಹುಡುಗರು

ಯೂರೋಪಿನ ಚಿತ್ರಗಳನ್ನು ನಾನು ಮೊದಲು ನೋಡಿದ್ದು ಮಹಾನಗರದಲ್ಲಲ್ಲ, ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. ಅಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಮ್ ಸಂಸ್ಥೆಯ ಅಂಗವಾಗಿ 1973ರಲ್ಲಿ ಒಂದು ಚಿತ್ರಸಮಾಜವನ್ನು ಕಟ್ಟಿದ್ದರು. ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹದ್ದೂರರಂಥ ಅಧ್ಯಾಪಕರು ಅಲ್ಲಿಗೆ ಬಂದು ರಸಗ್ರಹಣ ಶಿಬಿರಗಳಲ್ಲಿ ಪಾಠ ಹೇಳುತ್ತಿದ್ದರು. ಅಡಿಕೆ ತೋಟಗಳ ನಡುವಿನ ಹಳ್ಳಿಯ ಜನ ಇಟಲಿಯ, ಜಪಾನಿನ, ಬಂಗಾಳದ ಚಿತ್ರಗಳನ್ನು ನೋಡಿ ಚರ್ಚಿಸಿದರು. ಎಂಬತ್ತರ ದಶಕದಲ್ಲಿ, ಆಗತಾನೆ ಕೆಲಸಕ್ಕೆ ಸೇರಿದ್ದ ನಾನೂ ಒಂದು ಶಿಬಿರಕ್ಕೆ ಹೋದೆ. ಫ್ರಾನ್ಸಿನ ತ್ರುಫೋ 1959ರಲ್ಲಿ ಮಾಡಿದ “ಫೋರ್ ಹಂಡ್ರೆಡ್ ಬ್ಲೋಸ್” ಚಿತ್ರವನ್ನು ನೋಡಿದೆ.

ಅದರ ನಾಯಕ ಆಂತ್ವಾನ್ ಹದಿಮೂರರ ಆಸುಪಾಸಿನ ಹುಡುಗ. ಶಾಲೆ ತಪ್ಪಿಸುತ್ತಾನೆ, ಸುಳ್ಳು ಹೇಳುತ್ತಾನೆ, ತಂದೆಯ ಕಛೇರಿಯಿಂದ ಬೆರಳಚ್ಚು ಯಂತ್ರವನ್ನು ಕದಿಯುತ್ತಾನೆ. ಮಾರಲಾರದೆ ಅದನ್ನು ಹಿಂದಕ್ಕೆ ಇಡಲು ಹೋದಾಗ ಸಿಕ್ಕಿಬೀಳುತ್ತಾನೆ. ತಂದೆತಾಯಿ ಅವನನ್ನು ಸರಕಾರದ ಸುಧಾರಣಾ ಕೇಂದ್ರಕ್ಕೆ ಒಪ್ಪಿಸಿಬಿಡುತ್ತಾರೆ. ಅಲ್ಲಿಂದ ತಪ್ಪಿಸಿಕೊಂಡು ಓಡಿ ಓಡಿ ಕಡಲ ತೀರವನ್ನು ತಲುಪುತ್ತಾನೆ. ಮುಂದೆ ನೀರು, ಹಿಂದೆ ಅಟ್ಟಿ ಬರುವ ಲೋಕ. ನಮ್ಮ ಕಡೆಗೆ ತಿರುಗಿದ ಅವನ ಮುಖ ಪರದೆಯ ಮೇಲೆ ನಿಶ್ಚಲವಾಗುತ್ತದೆ. ಚಿತ್ರ ಅಷ್ಟಕ್ಕೆ ಮುಗಿಯಿತು.

ನನಗೆ ಅಂದು ನಿದ್ದೆ ಬರಲಿಲ್ಲ. ಈ ಹುಡುಗನನ್ನು ನಾನು ಬಲ್ಲೆ ಎನ್ನಿಸುತ್ತಿತ್ತು. ರಾಮಾಚಾರಿಯೂ ಇಂಥವನೇ ಅಲ್ಲವೆ? ಊರಿಗೆಲ್ಲ ಕಂಟಕನೆನಿಸಿದ, ಒಳಗೆ ಪ್ರೀತಿಗಾಗಿ ಹಸಿದ ಹುಡುಗ. ವ್ಯತ್ಯಾಸವಿಷ್ಟೇ: ರಾಮಾಚಾರಿಗೆ ಒಬ್ಬ ಚಾಮಯ್ಯ ಮೇಷ್ಟ್ರಿದ್ದಾರೆ, ಆಂತ್ವಾನನಿಗೆ ಯಾರೂ ಇಲ್ಲ. ಅಲ್ಲಿ ಪ್ರೀತಿ ಇಲ್ಲದೆ ಹುಡುಗ ದಿಕ್ಕುಗೆಡುತ್ತಾನೆ; ಇಲ್ಲಿ ಪ್ರೀತಿಯೇ ಕೇಳಿದ ಮಾತುಕೊಡುಗೆಗಳಿಂದ ಹುಡುಗನ ಬಾಳು ಒಡೆಯುತ್ತದೆ. ನಮ್ಮ ಚಿತ್ರ ಗುರುಶಿಷ್ಯರಿಬ್ಬರನ್ನೂ ಬೆಟ್ಟದಿಂದ ಕೆಡವಿ ಕಥೆಯನ್ನು ಮುಗಿಸುತ್ತದೆ. ನಾವು ಅತ್ತು ಹಗುರಾಗಿ ಮನೆಗೆ ಹೋಗುತ್ತೇವೆ. ಫ್ರಾನ್ಸಿನ ಚಿತ್ರ ಮುಗಿಯುವುದೇ ಇಲ್ಲ; ಆ ಹುಡುಗನನ್ನು ನಮ್ಮ ಕೈಗೆ ಕೊಟ್ಟು ಹೊರಟುಹೋಗುತ್ತದೆ. ಮೇಷ್ಟ್ರಾದ ನನಗೆ ಅದು ಭಾರವಾಯಿತು. ಆಮೇಲೆ ತರಗತಿಯ ಕೊನೆಯ ಬೆಂಚನ್ನು ನಾನು ಮೊದಲಿನಂತೆ ನೋಡಲಾಗಲಿಲ್ಲ.

ರುಚಿ, ಅರುಚಿ

ಯೂರೋಪಿನದೆಂದ ಮಾತ್ರಕ್ಕೆ ಎಲ್ಲವೂ ನನಗೆ ರುಚಿಸುತ್ತದೆ ಎಂದಲ್ಲ. ಗೊದಾರನ “ಬ್ರೆತ್‌ಲೆಸ್” (1960) ಚಿತ್ರದಲ್ಲಿ ದೃಶ್ಯಗಳನ್ನು ತುಂಡರಿಸಿ ಜೋಡಿಸಿದ ರೀತಿ ಜಗತ್ತನ್ನು ಬೆರಗುಗೊಳಿಸಿತಂತೆ. ನನಗೆ ಅದರಲ್ಲಿ ಜಾಣ್ಮೆ ಕಂಡಿತೇ ಹೊರತು ಆರ್ದ್ರತೆ ಕಾಣಲಿಲ್ಲ. ಸ್ವೀಡನ್ನಿನ ಬರ್ಗ್ಮನ್ ಕೆಲವೊಮ್ಮೆ ಮಾತಿನಲ್ಲೇ ನಮ್ಮನ್ನು ದಣಿಸುತ್ತಾನೆ. ಆದರೂ ಅವನ “ವೈಲ್ಡ್ ಸ್ಟ್ರಾಬೆರೀಸ್” (1957) ಚಿತ್ರದ ವೃದ್ಧ ಪ್ರಾಧ್ಯಾಪಕ ಗೌರವ ಪದವಿ ಸ್ವೀಕರಿಸಲು ಕಾರಿನಲ್ಲಿ ಹೊರಟು ದಾರಿಯುದ್ದಕ್ಕೂ ತನ್ನ ಬಾಳಿನ ಒಣಗಿದ ಜಾಗಗಳನ್ನು ನೋಡಿಕೊಳ್ಳುವಾಗ ನಾನು ತಲೆ ತಗ್ಗಿಸಿದ್ದೇನೆ. ಇಪ್ಪತ್ತೈದರಲ್ಲಿ ನೋಡಿದಾಗ ಅದರ ಕನಸುಗಳ ಕೌಶಲ ಮೆಚ್ಚಿಕೆಯಾಗಿತ್ತು. ಅರುವತ್ತರಲ್ಲಿ ನೋಡಿದಾಗ ಕೌಶಲ ಕಾಣಲಿಲ್ಲ, ನಾನೇ ಕಂಡೆ.

ನನಗೆ ಎಲ್ಲಕ್ಕಿಂತ ಹತ್ತಿರವಾದವನು ಫ್ರಾನ್ಸಿನ ಬ್ರೆಸಾನ್. ಅವನ 1966ರ ಚಿತ್ರವೊಂದರ ಕೇಂದ್ರ ಒಂದು ಕತ್ತೆ. ಬಲ್ತಜಾರ್ ಎಂದು ಅದರ ಹೆಸರು. ಒಬ್ಬ ಒಡೆಯನಿಂದ ಇನ್ನೊಬ್ಬ ಒಡೆಯನಿಗೆ ಕೈ ಬದಲಾಗುತ್ತ, ಹೊರೆ ಹೊರುತ್ತ, ಹೊಡೆತ ತಿನ್ನುತ್ತ ಅದು ಮನುಷ್ಯರನ್ನೆಲ್ಲ ನೋಡುತ್ತದೆ. ಕೊನೆಗೆ ಬೆಟ್ಟದ ಹುಲ್ಲಿನಲ್ಲಿ, ಕೊರಳ ಗಂಟೆ ನುಡಿಸುತ್ತ ಬಂದ ಕುರಿಹಿಂಡಿನ ನಡುವೆ ಮಲಗಿ ಪ್ರಾಣ ಬಿಡುತ್ತದೆ. ಹಿರಿಯೂರು, ಚಳ್ಳಕೆರೆಗಳ ದಾರಿಯಲ್ಲಿ ಕುರಿಹಿಂಡಿನ ಹಿಂದೆ ಕುರಿಗಾಹಿಗಳ ಕಂಬಳಿ, ಪಾತ್ರೆ, ಒಮ್ಮೊಮ್ಮೆ ಎಳೆಯ ಮರಿಗಳನ್ನೂ ಹೊತ್ತು ನಡೆಯುವ ಕತ್ತೆಗಳನ್ನು ಬಾಲ್ಯದಿಂದ ಕಂಡವನು ನಾನು. ಕಂಡಿದ್ದೆ, ನೋಡಿರಲಿಲ್ಲ. ದೂರದ ಒಬ್ಬ ಫ್ರೆಂಚನು ತೋರಿಸಿದ ಮೇಲೆ ನಮ್ಮ ದಾರಿಯ ಕತ್ತೆ ನನ್ನ ಕಣ್ಣಿಗೆ ಬಿತ್ತು. ಮಿತ್ರರ ಪ್ರಶ್ನೆಗೆ ನನ್ನ ಉತ್ತರದ ಅರ್ಧ ಇದು.

ನಾಲಗೆ ಇಲ್ಲದ ಹಾಡು

ಸ್ವತಂತ್ರ ಸಿನಿಮಾ ನಮಗೆ ಹೊರಗಿನ ವಸ್ತುವಲ್ಲ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ “ಸಂಸ್ಕಾರ” ಸ್ಟುಡಿಯೋಗಳ ಹಂಗಿಲ್ಲದೆ, ಆಸ್ಟ್ರೇಲಿಯದ ಟಾಮ್ ಕೋವನ್ ಎಂಬ ಛಾಯಾಗ್ರಾಹಕನ ನೆರವಿನಿಂದ, ಮಲೆನಾಡಿನ ಅಗ್ರಹಾರವೊಂದರಲ್ಲಿ ತಯಾರಾಯಿತು. ಸೆನ್ಸಾರಿನ ನಿಷೇಧವನ್ನು ದಾಟಿ ಆ ವರ್ಷದ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆಯಿತು. 1975ರ “ಚೋಮನ ದುಡಿ”, 1977ರ “ಘಟಶ್ರಾದ್ಧ” ಸ್ವರ್ಣಕಮಲಗಳನ್ನು ತಂದವು. ಗಿರೀಶ ಕಾಸರವಳ್ಳಿಯವರ ಆ “ಘಟಶ್ರಾದ್ಧ” ಪುನರುದ್ಧಾರಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ರಾಮ್ ರೆಡ್ಡಿಯವರ “ತಿಥಿ” ಮಂಡ್ಯ ಸೀಮೆಯ ಹಳ್ಳಿಗರನ್ನೇ ನಟರನ್ನಾಗಿಸಿ 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಕೊಪ್ಪಳ ಸೀಮೆಯ ಬಡ ಹೆಂಗಸೊಬ್ಬಳ ಕಥೆಯಾದ ಜೈಶಂಕರ್ ಆರ್ಯರ್ ಅವರ “ಶಿವಮ್ಮ” 2022ರಲ್ಲಿ ಕೊರಿಯದ ಬೂಸಾನಿನಲ್ಲಿ ಪುರಸ್ಕೃತವಾಯಿತು.

ಇದೆಲ್ಲ ಹೆಮ್ಮೆಯ ಸಂಗತಿ. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತೆರೆದು ನೋಡಬೇಕು. ಇಂಥ ಚಿತ್ರಗಳನ್ನು ನೋಡಲು ನಾನು ಎಷ್ಟೋ ಸಲ ಇನ್ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿದ್ದೇನೆ. ಹಳ್ಳಿಯನ್ನು ಕುರಿತ ಚಿತ್ರ ಮಹಾನಗರದಲ್ಲಿ ಬೆಳಗಿನ ಒಂದೇ ಆಟಕ್ಕೆ ನಿಂತು, ವಾರ ಕಳೆಯುವುದರೊಳಗೆ ಮರೆಯಾಗುತ್ತದೆ. ಹೊಸದುರ್ಗ, ಹೊಳಲ್ಕೆರೆಗಳಂಥ ಊರುಗಳವರೆಗೆ ಬರುವುದು ಅಪರೂಪ. ಯಾರ ಬಾಳನ್ನು ಕುರಿತು ಚಿತ್ರ ಮಾತಾಡುತ್ತದೆಯೋ ಅವರೇ ಅದನ್ನು ಕಾಣರು. ಭೈರವಿ ವೆಂಕಟಸುಬ್ಬಯ್ಯನ ಉದಾಹರಣೆಯ ಇನ್ನೊಂದು ಮುಖವೆಂದೆನಲ್ಲ, ಅದು ಇದೇ. ಅಪ್ಪಣೆಗೆ ಹಾಡದಿರುವುದು ದೊಡ್ಡದು. ಆದರೆ ನಾಲಗೆ ಹೋದ ಮೇಲೆ ಕೇಳಬೇಕೆಂದು ಬಂದವನಿಗೂ ಹಾಡು ಇಲ್ಲ.

ಇದರ ತಪ್ಪನ್ನು ವಿತರಕರ ಮೇಲೆ, ಕಾಲದ ಮೇಲೆ, ಕೈಫೋನಿನ ಮೇಲೆ ಹೊರಿಸುವುದು ಸುಲಭ. ನಮ್ಮಂಥ ರಸಿಕರ ಪಾಲೂ ಇದೆ. ನನ್ನ ಪಾಲನ್ನು ಮುಚ್ಚಿಡದೆ ಹೇಳುತ್ತೇನೆ.

ಎರಡು ಪ್ರಶ್ನೆಗಳು

2005ರ ಸುಮಾರಿನಲ್ಲಿ ಹಿರಿಯೂರಿನಲ್ಲಿ ನನ್ನ ವಿದ್ಯಾರ್ಥಿಗಳಿಗಾಗಿ ಒಂದು ಪ್ರದರ್ಶನವನ್ನು ಏರ್ಪಡಿಸಿದೆ. ಬಾಡಿಗೆಯ ಪ್ರೊಜೆಕ್ಟರು, ಗೋಡೆಗೆ ಕಟ್ಟಿದ ಬಿಳಿಯ ಪಂಚೆ. ನಾನು ಆರಿಸಿದ ಚಿತ್ರ ಇಟಲಿಯ ಅಂತೋನಿಯೋನಿಯ “ಲಾವೆಂತೂರಾ” (1960). ನಡುಗಡ್ಡೆಗೆ ವಿಹಾರಕ್ಕೆ ಹೋದ ಗುಂಪಿನಲ್ಲಿ ಒಬ್ಬ ಯುವತಿ ಕಾಣೆಯಾಗುತ್ತಾಳೆ. ಹುಡುಕುತ್ತ ಹುಡುಕುತ್ತ ಉಳಿದವರು ಅವಳನ್ನು ಮರೆತೇಬಿಡುತ್ತಾರೆ. ಕಾನ್ ಉತ್ಸವದಲ್ಲಿಯೇ ಪ್ರೇಕ್ಷಕರು ಕೂಗಾಡಿದ್ದ ಚಿತ್ರವದು. ಅಲ್ಲಿ ತೀರ್ಪುಗಾರರ ಬಹುಮಾನ ಬಂದದ್ದೂ ಅದಕ್ಕೇ. ಅರ್ಧ ಮುಗಿಯುವಷ್ಟರಲ್ಲಿ ಹುಡುಗರು ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಯವರೆಗೆ ಉಳಿದವರು ಎಂಟು ಹತ್ತು ಮಂದಿ. ದೀಪ ಹೊತ್ತಿದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಸಾರ್, ಕಳೆದುಹೋದ ಆ ಹುಡುಗಿ ಏನಾದಳು?”

ನನಗೆ ಮೊದಲೇ ಸಿಟ್ಟು ಬಂದಿತ್ತು. “ಹುಡುಗಿ ಸಿಕ್ಕುವುದು ಇಲ್ಲಿ ಮುಖ್ಯವಲ್ಲಪ್ಪ. ನಿಮಗೆಲ್ಲ ಕಥೆ ಬೇಕು, ಕಲೆ ಬೇಡ” ಎಂದು ಗದರಿದೆ. ಉಳಿದವರು ನಕ್ಕರು. ಅವನು ಕುಳಿತುಕೊಂಡ. ಮುಂದಿನ ಪ್ರದರ್ಶನಕ್ಕೆ ಅವನೂ ಬರಲಿಲ್ಲ, ಯಾರೂ ಬರಲಿಲ್ಲ.

ಆ ಬೇಸಗೆಯ ರಜೆಯಲ್ಲಿ ಊರಿಗೆ ಹೋದೆ. ಅಪ್ಪನಿಗೆ ಆಗ ಎಂಬತ್ತರ ಹತ್ತಿರ. ಸಂಜೆ ಹೊತ್ತು ಕಳೆಯಲೆಂದು ದೂರದರ್ಶನದ ಪೆಟ್ಟಿಗೆಗೆ ಡಿವಿಡಿ ಯಂತ್ರವನ್ನು ಜೋಡಿಸಿ, ಇಟಲಿಯ ದೆ ಸೀಕಾ 1948ರಲ್ಲಿ ಮಾಡಿದ “ಬೈಸಿಕಲ್ ಥೀವ್ಸ್” ಹಾಕಿದೆ. ಯುದ್ಧ ಮುಗಿದ ಮೇಲಿನ ಬಡ ರೋಮ್ ನಗರ; ಸ್ಟುಡಿಯೋಗಳೂ ನಿರಾಶ್ರಿತರ ತಾಣವಾಗಿದ್ದ ಕಾಲ. ದೆ ಸೀಕಾ ಬೀದಿಗೆ ಇಳಿದು, ಒಬ್ಬ ಕಾರ್ಖಾನೆಯ ಕೆಲಸಗಾರನನ್ನೇ ನಾಯಕನನ್ನಾಗಿ ಮಾಡಿಕೊಂಡ. 1952ರಲ್ಲಿ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ತೋರಿಸಲಾದ ಈ ಚಿತ್ರ ಭಾರತದ ಎಷ್ಟೋ ನಿರ್ದೇಶಕರ ಕಣ್ಣು ತೆರೆಸಿತು. ಸತ್ಯಜಿತ್ ರಾಯ್ ಅದಕ್ಕೂ ಮೊದಲೇ ಲಂಡನ್ನಿನಲ್ಲಿ ಅದನ್ನು ನೋಡಿದ್ದರು. ಇದೊಂದೂ ಅಪ್ಪನಿಗೆ ಗೊತ್ತಿಲ್ಲ. ಇಂಗ್ಲಿಷಿನ ಅಡಿಬರಹವನ್ನು ಅವರು ಓದಲಾರರು. ಮೊದಲು ಐದು ನಿಮಿಷ ನಾನು ಅರ್ಥ ಹೇಳಿದೆ. ಆಮೇಲೆ ಅವರು ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು.

ಹೆಂಡತಿ ಮನೆಯ ಹಾಸಿಗೆಬಟ್ಟೆಗಳನ್ನು ಒತ್ತೆಯಿಟ್ಟು ಗಂಡನ ಸೈಕಲ್ಲನ್ನು ಬಿಡಿಸುತ್ತಾಳೆ. ಗೋಡೆಗೆ ಚಿತ್ರಪತ್ರಗಳನ್ನು ಅಂಟಿಸುವ ಕೆಲಸಕ್ಕೆ ಅದು ಬೇಕೇ ಬೇಕು. ಮೊದಲನೆಯ ದಿನವೇ ಸೈಕಲ್ಲು ಕಳುವಾಗುತ್ತದೆ. ಅಪ್ಪ, ಮಗ ಊರೆಲ್ಲ ಅಲೆಯುತ್ತಾರೆ. ಕೊನೆಗೆ ಬೇಸತ್ತ ಅಪ್ಪ ತಾನೇ ಒಂದು ಸೈಕಲ್ಲನ್ನು ಕದಿಯಲು ಹೋಗಿ ಜನರ ಕೈಗೆ ಸಿಕ್ಕಿ ಹೊಡೆತ ತಿನ್ನುತ್ತಾನೆ. ಅಳುವ ಮಗನನ್ನು ನೋಡಿ ಸೈಕಲ್ಲಿನವನು ಬಿಟ್ಟುಬಿಡುತ್ತಾನೆ. ಅಪ್ಪನ ಕೈಯನ್ನು ಮಗ ಹಿಡಿದುಕೊಳ್ಳುತ್ತಾನೆ. ಇಬ್ಬರೂ ಜನಸಂದಣಿಯಲ್ಲಿ ಸೇರಿಹೋಗುತ್ತಾರೆ.

ಚಿತ್ರ ಮುಗಿದ ಮೇಲೂ ಅಪ್ಪ ಮಾತನಾಡಲಿಲ್ಲ. ಎಲೆಯಡಿಕೆ ಚೀಲವನ್ನು ಬಿಚ್ಚಿ, ಹಾಗೆಯೇ ಮತ್ತೆ ಕಟ್ಟಿದರು. ತುಸು ಹೊತ್ತಿನ ಮೇಲೆ ಕೇಳಿದರು: “ಸೈಕಲ್ಲು ಹೋಗಿದ್ದು ಹೋತು ಬಿಡು. ಆ ಹುಡ್ಗ ಮುಂದಕ್ಕೆ ಓದಿದ್ನೇನಪ್ಪಾ?”

ಇಲ್ಲಿ ಒಂದು ಮಾತನ್ನು ಓದುಗರಿಗೆ ತಿಳಿಸಬೇಕು. ನಮ್ಮ ಮನೆಯಲ್ಲಿಯೂ ಒಂದು ಸೈಕಲ್ಲಿತ್ತು. ಹಿಂದಿನ ಕ್ಯಾರಿಯರಿಗೆ ಕೊಬ್ಬರಿ ಚೀಲವನ್ನು ಬಿಗಿದು ಅಪ್ಪ ಹೊಳಲ್ಕೆರೆಯ ಸಂತೆಗೆ ತುಳಿದುಕೊಂಡು ಹೋಗುತ್ತಿದ್ದರು. 1974ರಲ್ಲಿ ನಾನು ದುರ್ಗದ ಹೈಸ್ಕೂಲಿಗೆ ಸೇರುವಾಗ ಅದನ್ನು ಮಾರಿದರು. ಆಮೇಲೆ ಬಹಳ ವರ್ಷ ಚೀಲವನ್ನು ತಲೆಯ ಮೇಲೆ ಹೊತ್ತು ನಡೆದರು. ಆ ವಿಷಯವನ್ನು ಅವರು ಎಂದೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

“ಓದಿದ, ಅಪ್ಪ” ಎಂದೆ.

“ಹಂಗಾದ್ರೆ ಸರಿ” ಎಂದು ಅವರು ಎದ್ದು ಮಲಗಲು ಹೋದರು.

ಆ ರಾತ್ರಿ ನನಗೆ ಹಿರಿಯೂರಿನ ಹುಡುಗ ನೆನಪಾದ. ಅಂತೋನಿಯೋನಿಯ ಚಿತ್ರ ಏನನ್ನು ಕುರಿತದ್ದು? ಕಳೆದುಹೋದವಳನ್ನು ಅವಳ ಸ್ನೇಹಿತರೇ ಮರೆತುಬಿಡುವುದನ್ನು ಕುರಿತದ್ದು. ಪರದೆಯ ಮೇಲಿನವರೆಲ್ಲ ಅವಳನ್ನು ಮರೆತರು. ವ್ಯಾಖ್ಯಾನಗಳನ್ನು ಓದಿಕೊಂಡಿದ್ದ ನಾನೂ ಮರೆತೆ. ಮರೆಯದೆ ಉಳಿದವನು ಆ ಸಭಾಂಗಣದಲ್ಲಿ ಅವನೊಬ್ಬನೇ. ಚಿತ್ರ ನೋಡುಗರಿಂದ ಬಯಸಿದ ಪ್ರಶ್ನೆಯನ್ನೇ ಅವನು ಕೇಳಿದ್ದ. ನಾನು ಅವನನ್ನು ನಗೆಗೀಡು ಮಾಡಿದ್ದೆ. ಅವನು ಈಗ ಎಲ್ಲಿದ್ದಾನೋ ತಿಳಿಯದು. ಈ ಲೇಖನ ಅವನ ಕಣ್ಣಿಗೆ ಬಿದ್ದರೆ, ಇದು ಮೇಷ್ಟ್ರ ತಪ್ಪೊಪ್ಪಿಗೆ ಎಂದು ತಿಳಿಯಲಿ.

ಆಗಬೇಕಾದದ್ದು

ನಮ್ಮ ಜನರಿಗೆ ಇಂಥ ಚಿತ್ರಗಳು ಅರ್ಥವಾಗುವುದಿಲ್ಲ ಎಂಬ ಮಾತನ್ನು ನಾನು ಈಗ ನಂಬುವುದಿಲ್ಲ. ಅರ್ಥವಾಗುವುದಕ್ಕೆ ಅವಕಾಶವನ್ನು ನಾವು ಕೊಟ್ಟಿಲ್ಲ ಎಂಬುದೇ ನಿಜ. ನಾಟಕದ ಮಟ್ಟಿಗೆ ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಒಂದು ಸಣ್ಣ ಊರು. ಗ್ರೀಕ್ ಮಾದರಿಯ ಅಲ್ಲಿನ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ ನಡೆದಾಗ ಸುತ್ತಣ ಹಳ್ಳಿಗಳ ಜನ ಮೆಟ್ಟಿಲುಗಳ ಮೇಲೆ ತುಂಬಿ ಕುಳಿತಿರುತ್ತಾರೆ. 1997ರಿಂದ ಅಲ್ಲಿನ ಶಿವಸಂಚಾರ ತಂಡ ವರ್ಷವರ್ಷವೂ ಹೊಸ ನಾಟಕಗಳನ್ನು ಹೊತ್ತು ನಾಡು ಸುತ್ತುತ್ತಿದೆ. ಆ ಪ್ರೇಕ್ಷಕರು ಒಂದು ದಿನದಲ್ಲಿ ಹುಟ್ಟಿದವರಲ್ಲ. ವರ್ಷಗಳ ತಾಳ್ಮೆಯಿಂದ ಬೆಳೆದವರು. ಹೆಗ್ಗೋಡು ಸಿನಿಮಾದಲ್ಲಿಯೂ ಅದು ಸಾಧ್ಯವೆಂದು ಎಂದೋ ತೋರಿಸಿಕೊಟ್ಟಿದೆ. ಅಂದು ಭಾರವಾದ ಯಂತ್ರ, ಫಿಲಂ ಸುರುಳಿಗಳ ಡಬ್ಬಿಗಳನ್ನು ಹೊತ್ತು ತರಬೇಕಿತ್ತು. ಇಂದು ಒಂದು ಕೈಚೀಲದಲ್ಲಿ ಎಲ್ಲವೂ ಹಿಡಿಸುತ್ತದೆ. ಕೊರತೆ ಸಲಕರಣೆಯದಲ್ಲ, ಜೊತೆಗೆ ಕುಳಿತು ನೋಡಬೇಕೆಂಬ ಮನಸ್ಸಿನದು.

ತಿಂಗಳಿಗೆ ಒಂದು ಚಿತ್ರ ಸಾಕು. ಹೊಳಲ್ಕೆರೆಯಲ್ಲಿಯೋ ಹೊಸದುರ್ಗದಲ್ಲಿಯೋ ಒಂದು ಶಾಲೆಯ ಅಂಗಳ, ಒಂದು ಪಂಚೆ. ಮೊದಲು ಕನ್ನಡದಲ್ಲಿ ಎರಡು ಮಾತು, ಆಮೇಲೆ ಚಿತ್ರ, ಆಮೇಲೆ ನೋಡಿದವರ ಪ್ರಶ್ನೆಗಳು. ಉತ್ತರ ಹೇಳುವ ಪಂಡಿತರು ಬೇಕಾಗಿಲ್ಲ. ಪ್ರಶ್ನೆ ಕೇಳಿದವನನ್ನು ನೋಡಿ ನಗದವರಿದ್ದರೆ ಸಾಕು.

ಇನ್ನು ಮಿತ್ರರ ಪ್ರಶ್ನೆ. ಇಟಲಿಯ ಸಿನಿಮಾಗಳ ಗೊಡವೆ ನನಗೆ ಏಕೆ? ನಮ್ಮ ಅಪ್ಪನ ಸೈಕಲ್ಲಿನ ಸುದ್ದಿ ಮೂವತ್ತು ವರ್ಷ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬಂದಿರಲಿಲ್ಲ. ರೋಮಿನ ಒಬ್ಬ ಬಡವನ ಸೈಕಲ್ಲು ಕಳೆದುಹೋದ ಮೇಲೆ ಬಂದಿತು. ಮುಂದಿನ ಸಲ ಅವರು ಕೇಳಿದಾಗ ಇಷ್ಟನ್ನೇ ಹೇಳುತ್ತೇನೆ.